ಕಂಪ್ಯೂಟರ್ ಪ್ರಶ್ನೋತ್ತರ: ಜ್ಯಾಂಗೊ ಇನ್‌ಸ್ಟಾಲ್ ಮಾಡುವವರಿಗೆ

ಪೈಥಾನ್ ಭಾಷೆಯ ಜ್ಯಾಂಗೊ ಫ್ರೇಮ್‌ವರ್ಕ್ ಬಳಸಿ ವೆಬ್‌ಸೈಟ್ ಕಟ್ಟುವುದನ್ನು ಕಲಿಯಲು ಹೊರಟು, ಇನ್‌ಸ್ಟಾಲ್ ಮಾಡುವ ಹಂತದಲ್ಲಿಯೇ ಸಿಕ್ಕಿಕೊಂಡ ಓದುಗರ ಪತ್ರಗಳು ಈ ಸಲ ಹೆಚ್ಚಾಗಿ ಬಂದಿರುವುದರಿಂದ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೇ ಮೀಸಲಿಟ್ಟಿದ್ದೇವೆ. ಕಮಾಂಡ್‌ಗಳನ್ನು ಇಲ್ಲಿ ಉಚ್ಚರಿಸುವಂತೆ ಕನ್ನಡದಲ್ಲಿ ಅಚ್ಚು ಮಾಡಲಾಗಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು. ಪತ್ರಗಳಲ್ಲಿ ಬರುವ ‘ಪಿಪ್’ ಎಂದರೆ ಪೈಥಾನ್‌ಗೆ ಬೇಕಾದ ಪ್ಯಾಕೇಜುಗಳನ್ನು ತಂದು ಹಾಕುವ ಸಾಧನ.

ಪ್ರಶ್ನೆ: ನಾನು ಬಿಸಿಎ ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ವಿಂಡೋಸ್ 11 ಇರುವ ನನ್ನ ಲ್ಯಾಪ್‌ಟಾಪಿನಲ್ಲಿ ‘ಪಿಪ್ ಇನ್‌ಸ್ಟಾಲ್ ಜ್ಯಾಂಗೊ’ ಎಂದು ಕೊಟ್ಟಾಗ ಇನ್‌ಸ್ಟಾಲ್ ಯಶಸ್ವಿಯಾಯಿತು ಎಂಬ ಸಾಲು ಬರುತ್ತದೆ. ಆದರೆ ಪ್ರೋಗ್ರಾಂ ಓಡಿಸಿದರೆ ‘ನೋ ಮಾಡ್ಯೂಲ್ ನೇಮ್ಡ್ ಜ್ಯಾಂಗೊ’ ಎಂಬ ಎರರ್ ಕಾಣಿಸುತ್ತದೆ. ತೆಗೆದು ಮತ್ತೆ ಹಾಕಿದರೂ ಹಾಗೆಯೇ ಇದೆ. ಮೊದಲಿನಿಂದ ಸರಿಯಾದ ಕ್ರಮವನ್ನು ತಿಳಿಸುವಿರಾ?
– ವಿದ್ಯಾರ್ಥಿನಿ, ರಾಣೆಬೆನ್ನೂರು

ಉತ್ತರ: ನೀವು ಕಂಡ ಎರಡು ಸಂದೇಶಗಳೂ ನಿಜವೇ. ಜ್ಯಾಂಗೊ ಇನ್‌ಸ್ಟಾಲ್ ಆಗಿದೆ. ಆದರೆ ನಿಮ್ಮ ಪ್ರೋಗ್ರಾಂ ಓಡಿಸುತ್ತಿರುವ ಪೈಥಾನ್‌ಗೆ ಅಲ್ಲ, ಅದೇ ಲ್ಯಾಪ್‌ಟಾಪಿನಲ್ಲಿರುವ ಮತ್ತೊಂದು ಪೈಥಾನ್‌ಗೆ. ಒಂದೇ ಮನೆಯಲ್ಲಿ ಎರಡು ಅಡುಗೆಮನೆಗಳಿದ್ದು, ಒಂದರಲ್ಲಿ ತಂದಿಟ್ಟ ದಿನಸಿಯನ್ನು ಇನ್ನೊಂದರಲ್ಲಿ ಹುಡುಕಿದಂತಾಗಿದೆ. ಮೈಕ್ರೋಸಾಫ್ಟ್ ಸ್ಟೋರಿನಿಂದ ಒಮ್ಮೆ, ಪೈಥಾನ್‌ನ ಅಧಿಕೃತ ತಾಣದಿಂದ ಇನ್ನೊಮ್ಮೆ, ಅನಕೊಂಡಾದಂತಹ ಪ್ಯಾಕೇಜಿನ ಜೊತೆಗೆ ಮಗದೊಮ್ಮೆ ಪೈಥಾನ್ ಬಂದು ಕೂರುವುದು ವಿದ್ಯಾರ್ಥಿಗಳ ಲ್ಯಾಪ್‌ಟಾಪ್‌ಗಳಲ್ಲಿ ಬಹಳ ಸಾಮಾನ್ಯ. ಕಮಾಂಡ್ ಪ್ರಾಂಪ್ಟ್ ತೆರೆದು ‘ವೇರ್ ಪೈಥಾನ್’ ಎಂದು ಕೊಟ್ಟು ನೋಡಿ. ಒಂದಕ್ಕಿಂತ ಹೆಚ್ಚು ಸಾಲುಗಳು ಬಂದರೆ ತೊಂದರೆಯ ಮೂಲ ಬಹುಮಟ್ಟಿಗೆ ಅಲ್ಲಿಯೇ ಇದೆ. ಆ ಸಾಲುಗಳಲ್ಲಿ ‘ವಿಂಡೋಸ್ ಆ್ಯಪ್ಸ್’ ಎಂಬ ಫೋಲ್ಡರಿನ ಹೆಸರಿದ್ದರೆ ಅದು ಸ್ಟೋರಿಗೆ ಸೇರಿದ್ದು. ಅಲ್ಲಿ ಪೈಥಾನ್ ಇಲ್ಲದೆಯೂ ಇರಬಹುದು, ಸ್ಟೋರನ್ನು ತೆರೆಯುವ ಕೊಂಡಿ ಮಾತ್ರ ಇರಬಹುದು.

ಪೈಥಾನ್ ಹೊಸದಾಗಿ ಹಾಕುವುದಾದರೆ ಅಧಿಕೃತ ತಾಣದ ಇನ್‌ಸ್ಟಾಲರನ್ನು ಬಳಸಿ, ಅದರ ಮೊದಲ ಕಿಟಕಿಯ ಕೆಳತುದಿಯಲ್ಲಿರುವ, ಪೈಥಾನನ್ನು ‘ಪಾತ್’ಗೆ (ಕಮಾಂಡ್‌ಗಳಿಗಾಗಿ ವಿಂಡೋಸ್ ಹುಡುಕುವ ಫೋಲ್ಡರ್‌ಗಳ ಪಟ್ಟಿಗೆ) ಸೇರಿಸುವ ಚೌಕಕ್ಕೆ ಟಿಕ್ ಹಾಕಿ ಮುಂದುವರಿಯಿರಿ. ಅವಸರದಲ್ಲಿ ಇದನ್ನು ಬಿಟ್ಟವರಿಗೇ ಮುಂದೆ ‘ಪೈಥಾನ್ ಎಂಬ ಕಮಾಂಡ್ ಗೊತ್ತಿಲ್ಲ’ ಎಂಬ ಉತ್ತರ ಸಿಗುವುದು.

ಇನ್ನು ಕೆಲಸಕ್ಕೆ ಒಂದು ಫೋಲ್ಡರ್ ಮಾಡಿಕೊಳ್ಳಿ. ಅದು ಡೆಸ್ಕ್‌ಟಾಪಿನಲ್ಲಿ ಬೇಡ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಡೆಸ್ಕ್‌ಟಾಪ್ ಒನ್‌ಡ್ರೈವ್‌ಗೆ ಜೋಡಣೆಯಾಗಿರುತ್ತದೆ, ಜ್ಯಾಂಗೊ ತರುವ ಸಾವಿರಾರು ಸಣ್ಣ ಫೈಲುಗಳನ್ನೆಲ್ಲ ಅದು ಇಂಟರ್‌ನೆಟ್‌ಗೆ ಏರಿಸಲು ತೊಡಗುತ್ತದೆ. ಡಿ ಡ್ರೈವ್‌ನಲ್ಲಿ ಸ್ಪೇಸ್ ಇಲ್ಲದ, ಇಂಗ್ಲಿಷ್ ಅಕ್ಷರಗಳ ಚಿಕ್ಕ ಹೆಸರಿನ ಫೋಲ್ಡರ್ ಸಾಕು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಆ ಫೋಲ್ಡರಿಗೆ ಹೋಗಿ ‘ಪಿವೈ ಹೈಫನ್‌ಎಂ ವೆನ್ವ್ ಎನ್ವ್’ ಎಂದು ಕೊಡಿ; ಹೈಫನ್ ಮತ್ತು ಎಂ ನಡುವೆ ಜಾಗವಿಲ್ಲ, ಉಳಿದ ಪದಗಳ ನಡುವೆ ಒಂದೊಂದು ಸ್ಪೇಸ್ ಇರಬೇಕು. ಇದರಿಂದ ಎನ್ವ್ ಎಂಬ ಒಳಫೋಲ್ಡರಿನಲ್ಲಿ ಈ ಒಂದು ಕೆಲಸಕ್ಕೆಂದೇ ಪ್ರತ್ಯೇಕವಾದ ಪೈಥಾನ್ ಪರಿಸರ ಸಿದ್ಧವಾಗುತ್ತದೆ. ಇದನ್ನು ವರ್ಚುವಲ್ ಎನ್ವಿರಾನ್‌ಮೆಂಟ್ ಎನ್ನುತ್ತಾರೆ. ಇದು ಅನುಭವಿಗಳಿಗೆ ಮಾತ್ರ ಬೇಕಾದ ಸಂಗತಿಯೆಂದು ಕೆಲವು ಪಾಠಗಳು ಕೊನೆಗೆ ತಳ್ಳುತ್ತವೆ. ನನ್ನ ಅಭಿಪ್ರಾಯದಲ್ಲಿ ಇದು ಮೊದಲ ದಿನವೇ ಕಲಿಯಬೇಕಾದದ್ದು, ಏಕೆಂದರೆ ನಿಮ್ಮ ಈಗಿನ ತೊಂದರೆಯೂ ಸೇರಿದಂತೆ ಹೊಸಬರ ಬಹುಪಾಲು ತೊಡಕುಗಳು ಯಾವ ಪೈಥಾನ್ ಮಾತನಾಡುತ್ತಿದೆ ಎಂಬುದು ಗೊತ್ತಿಲ್ಲದ್ದರಿಂದಲೇ ಹುಟ್ಟುತ್ತವೆ.

ಬಳಿಕ ಎನ್ವ್ ಒಳಗಿನ ಸ್ಕ್ರಿಪ್ಟ್ಸ್ ಫೋಲ್ಡರಿನಲ್ಲಿರುವ ಆ್ಯಕ್ಟಿವೇಟ್ ಎಂಬುದನ್ನು ಓಡಿಸಿ: ಎನ್ವ್, ಹಿಂದಕ್ಕೆ ವಾಲಿದ ಗೆರೆ, ಸ್ಕ್ರಿಪ್ಟ್ಸ್, ಮತ್ತೆ ಅದೇ ಗೆರೆ, ಆ್ಯಕ್ಟಿವೇಟ್. ಸಾಲಿನ ಮೊದಲಲ್ಲಿ ಕಂಸದೊಳಗೆ ಎನ್ವ್ ಎಂಬ ಹೆಸರು ಮೂಡಿದರೆ ನೀವು ಸರಿಯಾದ ಜಾಗದಲ್ಲಿದ್ದೀರಿ. ಈಗ ‘ಪೈಥಾನ್ ಹೈಫನ್‌ಎಂ ಪಿಪ್ ಇನ್‌ಸ್ಟಾಲ್ ಜ್ಯಾಂಗೊ’ ಎಂದು ಕೊಡಿ. ಬರಿದೇ ಪಿಪ್ ಎನ್ನದೆ ಹೀಗೆ ಕೊಡುವುದಕ್ಕೆ ಕಾರಣವಿದೆ: ಯಾವ ಪೈಥಾನನ್ನು ಹೆಸರಿಸಿದಿರೋ ಅದರ ಪಿಪ್ ಮಾತ್ರ ಆಗ ಕೆಲಸ ಮಾಡುತ್ತದೆ, ಬೇರೆ ಪೈಥಾನಿನ ಪಿಪ್ ನಡುವೆ ನುಸುಳುವುದಿಲ್ಲ. ಜ್ಯಾಂಗೊ ಜೊತೆಗೆ ಎಎಸ್‌ಜಿಐರೆಫ್, ಎಸ್‌ಕ್ಯೂಎಲ್‌ಪಾರ್ಸ್ ಮತ್ತು ವಿಂಡೋಸ್‌ನಲ್ಲಿ ಟಿಜೆಡ್‌ಡೇಟಾ ಎಂಬ ಪ್ಯಾಕೇಜುಗಳೂ ಇಳಿಯುತ್ತವೆ; ಅವು ಜ್ಯಾಂಗೊಗೆ ಬೇಕಾದವೇ, ಗಾಬರಿಯಾಗಬೇಡಿ. ‘ಪೈಥಾನ್ ಹೈಫನ್‌ಎಂ ಜ್ಯಾಂಗೊ’ ಎಂದು ಬರೆದು ಮುಂದೆ ಎರಡು ಹೈಫನ್ ಹಾಗೂ ವರ್ಶನ್ ಎಂಬ ಪದ ಸೇರಿಸಿದರೆ ಬಂದಿರುವ ಆವೃತ್ತಿಯ ಸಂಖ್ಯೆ ತಿಳಿಯುತ್ತದೆ.

ಪ್ರಾಜೆಕ್ಟ್ ತೆರೆಯಲು ‘ಜ್ಯಾಂಗೊ-ಅಡ್ಮಿನ್ ಸ್ಟಾರ್ಟ್‌ಪ್ರಾಜೆಕ್ಟ್’ ಎಂದು ಬರೆದು, ಪ್ರಾಜೆಕ್ಟಿನ ಹೆಸರು ಕೊಟ್ಟು, ಒಂದು ಸ್ಪೇಸ್ ಬಿಟ್ಟು ಚುಕ್ಕೆ ಹಾಕಿ. ಆ ಚುಕ್ಕೆಯ ಅರ್ಥ ‘ಈಗ ಇರುವ ಫೋಲ್ಡರಿನಲ್ಲಿಯೇ’ ಎಂದು. ಅದನ್ನು ಬಿಟ್ಟರೆ ಒಂದೇ ಹೆಸರಿನ ಎರಡು ಫೋಲ್ಡರ್‌ಗಳು ಒಂದರೊಳಗೊಂದು ಹುಟ್ಟುತ್ತವೆ, ಮ್ಯಾನೇಜ್ ಡಾಟ್ ಪಿವೈ ಎಂಬ ಫೈಲು ಎಲ್ಲಿದೆಯೆಂದು ಹುಡುಕುವುದೇ ಕೆಲಸವಾಗುತ್ತದೆ. ಪ್ರಾಜೆಕ್ಟಿಗೆ ಜ್ಯಾಂಗೊ ಅಥವಾ ಟೆಸ್ಟ್ ಎಂದು ಹೆಸರಿಡಬಾರದು. ನಿಮ್ಮ ಯಾವುದೇ ಫೈಲಿಗೆ ಜ್ಯಾಂಗೊ ಡಾಟ್ ಪಿವೈ ಎಂದಂತೂ ಹೆಸರು ಕೊಡಲೇಬಾರದು. ಹಾಗೆ ಮಾಡಿದರೆ ಪೈಥಾನ್ ನಿಜವಾದ ಜ್ಯಾಂಗೊ ಬದಲಿಗೆ ನಿಮ್ಮ ಫೈಲನ್ನೇ ತೆರೆದು ಅದರಲ್ಲಿ ಏನೂ ಸಿಗದೆ ಎರರ್ ಕೊಡುತ್ತದೆ.

ಈಗ ‘ಪೈಥಾನ್ ಮ್ಯಾನೇಜ್ ಡಾಟ್ ಪಿವೈ ರನ್‌ಸರ್ವರ್’ ಎಂದು ಕೊಟ್ಟು, ಬ್ರೌಸರಿನಲ್ಲಿ 127.0.0.1:8000 ಎಂಬ ವಿಳಾಸ ತೆರೆದರೆ ರಾಕೆಟ್ ಚಿತ್ರವಿರುವ ಪುಟ ಕಾಣಬೇಕು. ಅಷ್ಟರಲ್ಲಿ ಕಮಾಂಡ್ ಪ್ರಾಂಪ್ಟ್‌ನಲ್ಲಿ 18 ಮೈಗ್ರೇಶನ್‌ಗಳು ಬಾಕಿಯಿವೆ ಎಂಬ ಕೆಂಪು ಸಾಲು ಬಂದಿರುತ್ತದೆ. ಅದು ಎರರ್ ಅಲ್ಲ; ಬಳಕೆದಾರರ ಹೆಸರು, ಪಾಸ್‌ವರ್ಡ್ ಮೊದಲಾದವುಗಳನ್ನು ಇಡುವ ಟೇಬಲ್‌ಗಳನ್ನು ಡೇಟಾಬೇಸಿನಲ್ಲಿ ಇನ್ನೂ ಮಾಡಿಲ್ಲ ಎಂಬ ನೆನಪೋಲೆ ಮಾತ್ರ. ಕಂಟ್ರೋಲ್ ಮತ್ತು ಸಿ ಒತ್ತಿ ಸರ್ವರ್ ನಿಲ್ಲಿಸಿ, ‘ಪೈಥಾನ್ ಮ್ಯಾನೇಜ್ ಡಾಟ್ ಪಿವೈ ಮೈಗ್ರೇಟ್’ ಎಂದು ಕೊಟ್ಟರೆ ಅದು ಮಾಯವಾಗುತ್ತದೆ. ಡೇಟಾಬೇಸ್ ಬೇರೆಯಾಗಿ ಹಾಕಬೇಕಿಲ್ಲ, ಪೈಥಾನ್ ಜೊತೆಗೇ ಬರುವ ಎಸ್‌ಕ್ಯೂಲೈಟ್ ಕಲಿಕೆಗೆ ಧಾರಾಳವಾಗಿ ಸಾಕು.

ಒಂದು ಮಾತನ್ನು ಒತ್ತಿ ಹೇಳಬೇಕು. ಕಮಾಂಡ್ ಪ್ರಾಂಪ್ಟ್ ಮುಚ್ಚಿ ಮರುದಿನ ತೆರೆದಾಗ ಆ್ಯಕ್ಟಿವೇಟ್ ಮತ್ತೆ ಮಾಡಲೇಬೇಕು. ಮಾಡದಿದ್ದರೆ ನಿಮ್ಮ ಹಳೆಯ ಎರರ್ ಅದೇ ರೂಪದಲ್ಲಿ ಹಿಂದಿರುಗುತ್ತದೆ, ನೀವು ಜ್ಯಾಂಗೊ ಹಾಳಾಯಿತೆಂದು ತಿಳಿದು ಮತ್ತೆ ಇನ್‌ಸ್ಟಾಲ್ ಮಾಡಲು ಹೊರಡುತ್ತೀರಿ. ವಿಎಸ್ ಕೋಡ್ ಬಳಸುವವರು ಕಂಟ್ರೋಲ್, ಶಿಫ್ಟ್ ಮತ್ತು ಪಿ ಒತ್ತಿ, ‘ಪೈಥಾನ್: ಸೆಲೆಕ್ಟ್ ಇಂಟರ್‌ಪ್ರಿಟರ್’ ಎಂಬುದನ್ನು ಆರಿಸಿ, ಎನ್ವ್ ಒಳಗಿನ ಪೈಥಾನನ್ನು ತೋರಿಸಿಕೊಡಬೇಕು.

ಪ್ರಶ್ನೆ: ಪವರ್‌ಶೆಲ್‌ನಲ್ಲಿ ಆ್ಯಕ್ಟಿವೇಟ್ ಮಾಡಲು ಹೋದರೆ, ಈ ಸಿಸ್ಟಮ್‌ನಲ್ಲಿ ಸ್ಕ್ರಿಪ್ಟ್‌ಗಳನ್ನು ಓಡಿಸುವಂತಿಲ್ಲ ಎಂಬ ಕೆಂಪು ಸಂದೇಶ ಬರುತ್ತದೆ. ಲ್ಯಾಬಿನ ಎಲ್ಲ ಕಂಪ್ಯೂಟರ್‌ಗಳಲ್ಲೂ ಹೀಗಾಗಿದೆ. ಇದು ವೈರಸ್‌ನ ಲಕ್ಷಣವೇ?
– ಉಪನ್ಯಾಸಕರು, ಪುತ್ತೂರು

ಉತ್ತರ: ಅಲ್ಲ. ಗೊತ್ತಿಲ್ಲದ ಸ್ಕ್ರಿಪ್ಟ್‌ಗಳು ತಾವಾಗಿ ಓಡದಿರಲೆಂದು ವಿಂಡೋಸ್ ಮೊದಲಿನಿಂದಲೂ ಇಟ್ಟಿರುವ ತಡೆ ಇದು. ಎಲ್ಲಕ್ಕಿಂತ ಸುಲಭದ ದಾರಿಯೆಂದರೆ ಪವರ್‌ಶೆಲ್ ಬಿಟ್ಟು ಕಮಾಂಡ್ ಪ್ರಾಂಪ್ಟ್ ಬಳಸುವುದು, ಅಲ್ಲಿ ಈ ತಡೆ ಇಲ್ಲ. ಪವರ್‌ಶೆಲ್ಲೇ ಬೇಕೆಂದಾದರೆ ‘ಸೆಟ್-ಎಕ್ಸಿಕ್ಯೂಶನ್‌ಪಾಲಿಸಿ’ ಕಮಾಂಡ್ ಮೂಲಕ ‘ರಿಮೋಟ್‌ಸೈನ್ಡ್’ ಎಂಬ ನಿಯಮವನ್ನು, ‘ಸ್ಕೋಪ್’ ಎಂಬಲ್ಲಿ ‘ಕರೆಂಟ್‌ಯೂಸರ್’ ಎಂದು ನಮೂದಿಸಿ, ನಿಮ್ಮ ಖಾತೆಗೆ ಮಾತ್ರ ಅನ್ವಯಿಸಿಕೊಳ್ಳಬಹುದು; ಆಗ ನಿಮ್ಮ ಕಂಪ್ಯೂಟರಿನಲ್ಲಿಯೇ ತಯಾರಾದ ಸ್ಕ್ರಿಪ್ಟ್‌ಗಳು ಓಡುತ್ತವೆ, ಇಂಟರ್‌ನೆಟ್‌ನಿಂದ ಇಳಿದವುಗಳಿಗೆ ಡಿಜಿಟಲ್ ಸಹಿ ಬೇಕಾಗುತ್ತದೆ. ತಡೆಯನ್ನು ಬಹುಮಟ್ಟಿಗೆ ತೆಗೆದುಹಾಕುವ ‘ಅನ್‌ರೆಸ್ಟ್ರಿಕ್ಟೆಡ್’ ಸಲಹೆಯನ್ನು ಲ್ಯಾಬಿನಲ್ಲಿ ಪಾಲಿಸಬೇಡಿ. ವಾಸ್ತವವಾಗಿ ಆ್ಯಕ್ಟಿವೇಟ್ ಎಂಬುದು ಅನುಕೂಲಕ್ಕಾಗಿ ಇರುವ ವ್ಯವಸ್ಥೆ ಅಷ್ಟೆ. ಎನ್ವ್ ಒಳಗಿನ ಸ್ಕ್ರಿಪ್ಟ್ಸ್ ಫೋಲ್ಡರಿನ ಪೈಥಾನನ್ನು ಅದರ ಪೂರ್ಣ ವಿಳಾಸದಿಂದ ಕರೆದರೂ ಜ್ಯಾಂಗೊ ಸರಿಯಾಗಿಯೇ ನಡೆಯುತ್ತದೆ.

ಪ್ರಶ್ನೆ: ಉಬುಂಟು 24.04ರಲ್ಲಿ ಪಿಪ್ ಕೊಟ್ಟೊಡನೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ ಎಂದು ಹೇಳಿ ನಿಂತುಬಿಡುತ್ತದೆ. ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’ ಎಂದು ಸೇರಿಸಿದರೆ ಸರಿಹೋಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಹಾಗೆ ಮಾಡಬಹುದೇ?
– ಓದುಗರು, ಧಾರವಾಡ

ಉತ್ತರ: ದಯವಿಟ್ಟು ಮಾಡಬೇಡಿ. ಉಬುಂಟುವಿನ ಹಲವು ಒಳಸಾಧನಗಳು ಅದರೊಂದಿಗೆ ಬಂದಿರುವ ಪೈಥಾನನ್ನೇ ನೆಚ್ಚಿಕೊಂಡಿವೆ. ಅದರ ಪ್ಯಾಕೇಜುಗಳನ್ನು ಪಿಪ್ ಮೂಲಕ ಅದಲುಬದಲು ಮಾಡಿದರೆ ಮುಂದೊಂದು ದಿನ ಅಪ್‌ಡೇಟ್ ಮಾಡುವ ಸಾಧನವೇ ಕೆಡಬಹುದು, ಆಗ ಅದಕ್ಕೂ ಜ್ಯಾಂಗೊಗೂ ಸಂಬಂಧವಿದೆಯೆಂದು ಯಾರಿಗೂ ಹೊಳೆಯುವುದಿಲ್ಲ. ಈ ಸಂದೇಶ ನಿಮ್ಮನ್ನು ವರ್ಚುವಲ್ ಎನ್ವಿರಾನ್‌ಮೆಂಟ್ ಕಡೆಗೆ ಕಳಿಸುತ್ತಿದೆ. ಅದರ ಮಾತು ಕೇಳಿ. ಮೊದಲು ಉಬುಂಟುವಿನ ಇನ್‌ಸ್ಟಾಲ್ ಸಾಧನವಾದ ಆಪ್ಟ್ ಮೂಲಕ ‘ಪೈಥಾನ್3-ವೆನ್ವ್’ ಎಂಬ ಪ್ಯಾಕೇಜ್ ಹಾಕಿಕೊಳ್ಳಿ, ಉಬುಂಟುವಿನಲ್ಲಿ ಅದು ಪ್ರತ್ಯೇಕವಾಗಿದೆ. ನಂತರ ‘ಪೈಥಾನ್3 ಹೈಫನ್‌ಎಂ ವೆನ್ವ್ ಎನ್ವ್’ ಎಂದು ಕೊಟ್ಟು, ‘ಸೋರ್ಸ್’ ಎಂಬ ಕಮಾಂಡಿನಿಂದ ಎನ್ವ್ ಒಳಗಿನ ಬಿನ್ ಫೋಲ್ಡರಿನ ಆ್ಯಕ್ಟಿವೇಟ್ ಓಡಿಸಿದರೆ, ಉಳಿದದ್ದೆಲ್ಲ ಮೇಲಿನ ಉತ್ತರದಂತೆಯೇ. ಆಪ್ಟ್ ಮೂಲಕ ನೇರವಾಗಿ ಜ್ಯಾಂಗೊ ಹಾಕಲು ಸಾಧ್ಯವಿದ್ದರೂ 24.04ರಲ್ಲಿ ಹಾಗೆ ಸಿಗುವುದು ಹಳೆಯ 4.2 ಆವೃತ್ತಿ.

ಪ್ರಶ್ನೆ: ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2021ರ ಸ್ಕೀಮಿನ ಫುಲ್‌ಸ್ಟ್ಯಾಕ್ ಡೆವಲಪ್‌ಮೆಂಟ್ ವಿಷಯಕ್ಕೆ ಜ್ಯಾಂಗೊ ಕಲಿಯುತ್ತಿದ್ದೇನೆ. ಸೀನಿಯರ್‌ಗಳಿಂದ ಬಂದ ಪುಸ್ತಕ ನೋಡಿ ಬರೆದ ಪ್ರೋಗ್ರಾಂ ‘ಕೆನಾಟ್ ಇಂಪೋರ್ಟ್ ನೇಮ್ ಯುಆರ್‌ಎಲ್’ ಎನ್ನುತ್ತದೆ. ಇನ್‌ಸ್ಟಾಲ್ ತಪ್ಪಾಗಿದೆಯೇ? ಪುಸ್ತಕಕ್ಕೆ ಹೊಂದುವ ಹಳೆಯ ಜ್ಯಾಂಗೊ ಹಾಕಿಕೊಳ್ಳಲೇ?
– ಎಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು

ಉತ್ತರ: ನಿಮ್ಮ ಇನ್‌ಸ್ಟಾಲ್ ಸರಿಯಾಗಿದೆ, ಹಳೆಯದಾಗಿರುವುದು ಪುಸ್ತಕ. ವಿಳಾಸಗಳನ್ನು ಹೊಂದಿಸಲು ಹಿಂದೆ ಬಳಸುತ್ತಿದ್ದ ‘ಯುಆರ್‌ಎಲ್’ ಎಂಬ ಫಂಕ್ಷನ್ನನ್ನು 2021ರ ಡಿಸೆಂಬರಿನಲ್ಲಿ ಬಂದ ಜ್ಯಾಂಗೊ 4.0ರಿಂದ ತೆಗೆದುಹಾಕಲಾಯಿತು. ಅದರ ಜಾಗದಲ್ಲಿ, 2017ರ 2.0 ಆವೃತ್ತಿಯಿಂದಲೇ ಇರುವ ‘ಪಾತ್’ ಫಂಕ್ಷನ್ ಬಳಸಿ. ರೆಗ್ಯುಲರ್ ಎಕ್ಸ್‌ಪ್ರೆಶನ್ (ಅಕ್ಷರಗಳ ವಿನ್ಯಾಸವನ್ನು ಹೇಳುವ ಸೂತ್ರ) ಬೇಕಾದ ಕಡೆ ‘ಆರ್‌ಇ ಅಂಡರ್‌ಸ್ಕೋರ್ ಪಾತ್’ ಇದೆ. ಎರಡನ್ನೂ ‘ಜ್ಯಾಂಗೊ ಡಾಟ್ ಯುಆರ್‌ಎಲ್ಸ್’ನಿಂದ ಇಂಪೋರ್ಟ್ ಮಾಡಿಕೊಳ್ಳಬೇಕು. ಇದಾದ ಮೇಲೆ ಮಾಡೆಲ್‌ಗಳಲ್ಲಿ ಇನ್ನೊಂದು ಎರರ್ ಎದುರಾಗುವ ಸಂಭವವಿದೆ: ಫಾರಿನ್ ಕೀ (ಒಂದು ಟೇಬಲನ್ನು ಇನ್ನೊಂದಕ್ಕೆ ಜೋಡಿಸುವ ಕೊಂಡಿ) ಬರೆಯುವಾಗ ‘ಆನ್ ಅಂಡರ್‌ಸ್ಕೋರ್ ಡಿಲೀಟ್’ ಎಂಬ ಅಂಶವನ್ನು ಕೊಡುವುದು 2.0ರಿಂದ ಕಡ್ಡಾಯವಾಗಿದೆ, ಹಳೆಯ ಪುಸ್ತಕಗಳಲ್ಲಿ ಅದು ಇರುವುದಿಲ್ಲ.

ಹಳೆಯ ಜ್ಯಾಂಗೊ ಹಾಕಿಕೊಳ್ಳುವ ಯೋಚನೆ ಬಿಡಿ. ಅದು ನೆಚ್ಚಿಕೊಂಡಿದ್ದ ಡಿಸ್ಟ್‌ಯುಟಿಲ್ಸ್ ಎಂಬ ಮಾಡ್ಯೂಲನ್ನು ಪೈಥಾನ್ 3.12ರಲ್ಲಿ, ಸಿಜಿಐ ಎಂಬುದನ್ನು 3.13ರಲ್ಲಿ ತೆಗೆದಿದ್ದಾರೆ. ಹಾಗಾಗಿ ಹಳೆಯ ಜ್ಯಾಂಗೊಗೆ ಹಳೆಯ ಪೈಥಾನ್, ಅದಕ್ಕೆ ತಕ್ಕ ಇನ್ನೇನೋ ಎಂದು ಹಿಂದಕ್ಕೆ ಹಿಂದಕ್ಕೆ ಹೋಗಬೇಕಾಗುತ್ತದೆ. ಕಲಿಯುವವರಿಗೆ ನಾನು ಸೂಚಿಸುವುದು 2025ರ ಏಪ್ರಿಲಿನಲ್ಲಿ ಬಂದ 5.2 ಆವೃತ್ತಿಯನ್ನು. ಅದು ದೀರ್ಘಕಾಲದ ಬೆಂಬಲವಿರುವ ಆವೃತ್ತಿಯಾದ್ದರಿಂದ 2028ರ ಏಪ್ರಿಲ್‌ವರೆಗೆ ಸುರಕ್ಷತಾ ತಿದ್ದುಪಡಿಗಳು ಸಿಗುತ್ತವೆ, ಪೈಥಾನ್ 3.10 ಇದ್ದರೂ ನಡೆಯುತ್ತದೆ. 2025ರ ಡಿಸೆಂಬರಿನ 6.0 ಆವೃತ್ತಿಗಾದರೆ ಪೈಥಾನ್ 3.12 ಅಥವಾ ಅದಕ್ಕಿಂತ ಹೊಸದು ಬೇಕು. ಇನ್‌ಸ್ಟಾಲ್ ಮಾಡುವಾಗ ಜ್ಯಾಂಗೊ ಎಂಬ ಹೆಸರಿಗೆ ಅಂಟಿದಂತೆ ಟಿಲ್ಡೆ ಚಿಹ್ನೆ (~), ಸಮ ಚಿಹ್ನೆ ಮತ್ತು 5.2.0 ಎಂದು ಬರೆದರೆ, 5.2ರೊಳಗಿನ ಅತ್ಯಂತ ಹೊಸ ತಿದ್ದುಪಡಿ ಮಾತ್ರ ಇಳಿಯುತ್ತದೆ. ತರಗತಿಯವರೆಲ್ಲ ಒಂದೇ ಆವೃತ್ತಿ ಇಟ್ಟುಕೊಂಡರೆ ಒಬ್ಬರ ಎರರನ್ನು ಇನ್ನೊಬ್ಬರು ಅರ್ಥ ಮಾಡಿಕೊಳ್ಳುವುದು ಎಷ್ಟೋ ಸುಲಭ.

ಪ್ರಶ್ನೆ: ಮನೆಯಲ್ಲಿ ವಿಂಡೋಸ್ 7ರ ಹಳೆಯ ಕಂಪ್ಯೂಟರ್ ಇದೆ. ಮಗ ಅದರಲ್ಲಿ ಜ್ಯಾಂಗೊ ಕಲಿಯಬಹುದೇ?
– ಪೋಷಕರು, ಚಳ್ಳಕೆರೆ

ಉತ್ತರ: ವಿಂಡೋಸ್ 7ರಲ್ಲಿ ನಡೆಯುವ ಕೊನೆಯ ಪೈಥಾನ್ 3.8, ಅದಕ್ಕೆ ಹೊಂದುವ ಕೊನೆಯ ಜ್ಯಾಂಗೊ 4.2. ಹೀಗೆ ಕಲಿಕೆ ಆರಂಭಿಸಲು ಸಾಧ್ಯವಿದೆ. ಆದರೆ ಆ ಪೈಥಾನ್‌ಗೆ 2024ರ ಅಕ್ಟೋಬರಿನಲ್ಲಿಯೇ ಬೆಂಬಲ ನಿಂತಿದೆ, 4.2ಕ್ಕೆ ನಿಗದಿಯಾದ ಬೆಂಬಲ 2026ರ ಏಪ್ರಿಲ್‌ವರೆಗೆ ಮಾತ್ರ. ಮುಖ್ಯವಾದ ಫೈಲುಗಳನ್ನು ಬೇರೆಡೆಗೆ ತೆಗೆದಿಟ್ಟು, ಅದೇ ಕಂಪ್ಯೂಟರಿಗೆ ಹಗುರವಾದ ಲಿನಕ್ಸ್ ಹಾಕಿಕೊಡುವುದು ಮೇಲು. ಅದಕ್ಕೆ ಹಣ ಕೊಡಬೇಕಿಲ್ಲ, ಇಂದಿನ ಜ್ಯಾಂಗೊ ಕೂಡ ಅದರಲ್ಲಿ ಚೆನ್ನಾಗಿ ಓಡುತ್ತದೆ.

ಪ್ರಶ್ನೆ: ನಮ್ಮ ಊರಿನಲ್ಲಿ ನೆಟ್‌ವರ್ಕ್ ಬಹಳ ದುರ್ಬಲ. ಕಾಲೇಜಿನ ಲ್ಯಾಬಿನಲ್ಲಿ ಎಲ್ಲವನ್ನೂ ಇನ್‌ಸ್ಟಾಲ್ ಮಾಡಿ, ಇಡೀ ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿ ಮನೆಗೆ ತಂದೆ. ಆ್ಯಕ್ಟಿವೇಟ್ ಆದಂತೆ ಕಾಣುತ್ತದೆ, ಆದರೆ ಜ್ಯಾಂಗೊ ಓಡುವುದಿಲ್ಲ.
– ವಿದ್ಯಾರ್ಥಿ, ಜೋಯಿಡಾ

ಉತ್ತರ: ಎನ್ವ್ ಫೋಲ್ಡರ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಒಯ್ಯುವಂಥದ್ದಲ್ಲ. ಅದನ್ನು ತೆರೆದು ‘ಪೈವೆನ್ವ್ ಡಾಟ್ ಸಿಎಫ್‌ಜಿ’ ಎಂಬ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ನೋಡಿ. ‘ಹೋಮ್’ ಎಂದು ಶುರುವಾಗುವ ಸಾಲಿನಲ್ಲಿ ಲ್ಯಾಬಿನ ಕಂಪ್ಯೂಟರಿನಲ್ಲಿ ಪೈಥಾನ್ ಇದ್ದ ಜಾಗದ ವಿಳಾಸ ಇದೆ. ಆ ವಿಳಾಸ ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಇಲ್ಲವಾದ್ದರಿಂದ ಎಲ್ಲವೂ ನಿಂತುಹೋಗಿದೆ. ಅದೇ ಕಂಪ್ಯೂಟರಿನೊಳಗೆ ಫೋಲ್ಡರನ್ನು ಬೇರೆ ಕಡೆಗೆ ಸರಿಸಿದರೂ ಆ್ಯಕ್ಟಿವೇಟ್ ಮತ್ತು ಪಿಪ್ ಹಳೆಯ ಜಾಗವನ್ನೇ ಹುಡುಕುತ್ತವೆ.

ಪೆನ್‌ಡ್ರೈವ್‌ನಲ್ಲಿ ತರಬೇಕಾದದ್ದು ಇನ್‌ಸ್ಟಾಲ್ ಆದ ಫೋಲ್ಡರ್ ಅಲ್ಲ, ಇನ್‌ಸ್ಟಾಲ್ ಮಾಡಲು ಬೇಕಾದ ಪ್ಯಾಕೇಜುಗಳು. ಲ್ಯಾಬಿನಲ್ಲಿ ‘ಪೈಥಾನ್ ಹೈಫನ್‌ಎಂ ಪಿಪ್ ಡೌನ್‌ಲೋಡ್ ಜ್ಯಾಂಗೊ ಹೈಫನ್‌ಡಿ’ ಎಂದು ಬರೆದು ಮುಂದೆ ಒಂದು ಫೋಲ್ಡರಿನ ಹೆಸರು ಕೊಟ್ಟರೆ, ಜ್ಯಾಂಗೊ ಮತ್ತು ಅದರ ಸಂಗಾತಿ ಪ್ಯಾಕೇಜುಗಳೆಲ್ಲ ಅಲ್ಲಿಗೆ ಇಳಿಯುತ್ತವೆ. ಎಲ್ಲ ಸೇರಿದರೂ ಸುಮಾರು ಹತ್ತು ಎಂ.ಬಿ. ಆಗಬಹುದು. ಪೈಥಾನ್ ಇನ್‌ಸ್ಟಾಲರನ್ನೂ ಜೊತೆಗೆ ಇಟ್ಟುಕೊಳ್ಳಿ. ಮನೆಯಲ್ಲಿ ಹೊಸದಾಗಿ ಎನ್ವ್ ಮಾಡಿ, ಆ್ಯಕ್ಟಿವೇಟ್ ಮಾಡಿ, ಪಿಪ್ ಇನ್‌ಸ್ಟಾಲ್ ಕಮಾಂಡಿಗೆ ‘ನೋ-ಇಂಡೆಕ್ಸ್’ ಎಂಬುದನ್ನೂ, ‘ಫೈಂಡ್-ಲಿಂಕ್ಸ್’ ಎಂದು ಬರೆದು ಮುಂದೆ ಆ ಫೋಲ್ಡರಿನ ಹೆಸರನ್ನೂ ಸೇರಿಸಿ. ಎರಡು ಪದಗಳ ಹಿಂದೆಯೂ ಎರಡೆರಡು ಹೈಫನ್ ಇರಬೇಕು. ಇಂಟರ್‌ನೆಟ್ ಸ್ವಲ್ಪವೂ ಇಲ್ಲದೆ ಜ್ಯಾಂಗೊ ಇನ್‌ಸ್ಟಾಲ್ ಆಗುತ್ತದೆ. ಎರಡೂ ಕಡೆ ಒಂದೇ ಆಪರೇಟಿಂಗ್ ಸಿಸ್ಟಮ್, ಒಂದೇ ಪೈಥಾನ್ ಆವೃತ್ತಿ ಇರುವಂತೆ ನೋಡಿಕೊಳ್ಳಿ. ಲ್ಯಾಬಿನಲ್ಲಿ ಲಿನಕ್ಸ್ ಇದ್ದು ಮನೆಯಲ್ಲಿ ವಿಂಡೋಸ್ ಇದ್ದರೆ, ವಿಂಡೋಸ್‌ಗೆ ಮಾತ್ರ ಬೇಕಾದ ಟಿಜೆಡ್‌ಡೇಟಾ ಲ್ಯಾಬಿನಲ್ಲಿ ಇಳಿದಿರುವುದಿಲ್ಲ. ಅದನ್ನು ಹೆಸರು ಹೇಳಿ ಬೇರೆಯಾಗಿ ಇಳಿಸಿಕೊಳ್ಳಬೇಕು.

ಪ್ರಶ್ನೆ: ಊರಿನ ವಾಚನಾಲಯದ ಪುಸ್ತಕಗಳ ಪಟ್ಟಿಗಾಗಿ ಜ್ಯಾಂಗೊ ಹಾಕಿಕೊಂಡಿದ್ದೇನೆ, ರಾಕೆಟ್ ಪುಟ ಬಂದಿದೆ. ಪಟ್ಟಿ ತುಂಬಿಸುವವರಿಗೆ ಇಂಗ್ಲಿಷ್ ಬರುವುದಿಲ್ಲ. ಅಡ್ಮಿನ್ ಪುಟವನ್ನು ಕನ್ನಡದಲ್ಲಿ ತೋರಿಸಲು ಇನ್ನೇನಾದರೂ ಇನ್‌ಸ್ಟಾಲ್ ಮಾಡಬೇಕೇ?
– ನಿವೃತ್ತ ಶಿಕ್ಷಕರು, ಸಾಗರ

ಉತ್ತರ: ಬೇರೇನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಕನ್ನಡ ಜ್ಯಾಂಗೊ ಒಳಗೇ ಇದೆ. ತಾವು ಆರಿಸಿಕೊಂಡಿರುವ ಕೆಲಸವೂ ಈ ಫ್ರೇಮ್‌ವರ್ಕಿನ ಹುಟ್ಟಿಗೆ ಹತ್ತಿರವಾದದ್ದು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ದಿನಪತ್ರಿಕೆಯ ಕಚೇರಿಯಲ್ಲಿ 2003ರಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಇದನ್ನು ಕಟ್ಟಲಾರಂಭಿಸಿದರು. 2005ರ ಜುಲೈನಲ್ಲಿ ಅದು ಮುಕ್ತ ತಂತ್ರಾಂಶವಾಗಿ ಹೊರಬಂತು. ಪ್ರೋಗ್ರಾಮಿಂಗ್ ಬಾರದ ಪತ್ರಿಕಾ ಸಿಬ್ಬಂದಿಯೂ ವಿಷಯಗಳನ್ನು ತುಂಬಿಸುವಂತಿರಬೇಕು ಎಂಬ ಅಗತ್ಯದಿಂದಲೇ ಅಡ್ಮಿನ್ ಪುಟ ಸಿದ್ಧರೂಪದಲ್ಲಿ ದೊರೆಯುತ್ತದೆ.

ಸೆಟ್ಟಿಂಗ್ಸ್ ಡಾಟ್ ಪಿವೈ ಫೈಲಿನಲ್ಲಿ ‘ಲ್ಯಾಂಗ್ವೇಜ್ ಕೋಡ್’ ಎದುರಿಗಿರುವ ‘ಇಎನ್-ಯುಎಸ್’ ತೆಗೆದು ‘ಕೆಎನ್’ ಎಂದು ಬರೆಯಿರಿ. ಅಲ್ಲಿಯೇ ಕೆಳಗೆ ‘ಟೈಮ್ ಜೋನ್’ ಎದುರಿಗಿರುವ ‘ಯುಟಿಸಿ’ಯನ್ನು ‘ಏಷ್ಯಾ/ಕೋಲ್ಕತಾ’ ಎಂದು ಬದಲಿಸಿ; ಇಲ್ಲದಿದ್ದರೆ ಪುಸ್ತಕ ಸೇರಿಸಿದ ವೇಳೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುತ್ತದೆ. ‘ಪೈಥಾನ್ ಮ್ಯಾನೇಜ್ ಡಾಟ್ ಪಿವೈ ಕ್ರಿಯೇಟ್‌ಸೂಪರ್‌ಯೂಸರ್’ ಎಂದು ಕೊಟ್ಟು ಲಾಗಿನ್ ಹೆಸರು ಮಾಡಿಕೊಳ್ಳುವಾಗ, ಪಾಸ್‌ವರ್ಡಿನ ಅಕ್ಷರಗಳು ಪರದೆಯ ಮೇಲೆ ಕಾಣುವುದಿಲ್ಲ, ಚುಕ್ಕೆಗಳೂ ಮೂಡುವುದಿಲ್ಲ. ಕೀಬೋರ್ಡ್ ಕೆಟ್ಟಿದೆಯೆಂದು ತಿಳಿಯದೆ ಟೈಪ್ ಮಾಡಿ ಎಂಟರ್ ಒತ್ತಿ.

ಅಡ್ಮಿನ್ ಪುಟ ಕನ್ನಡದಲ್ಲಿ ಬಂದರೂ ಎಲ್ಲ ಪದಗಳೂ ಕನ್ನಡವಾಗಿರುವುದಿಲ್ಲ. ಅನುವಾದವನ್ನು ಸ್ವಯಂಸೇವಕರು ಟ್ರಾನ್ಸಿಫೆಕ್ಸ್ ಎಂಬ ತಾಣದಲ್ಲಿ ಮಾಡುತ್ತಾರೆ. ಯಾವ ಸಾಲಿಗೆ ಕನ್ನಡ ಇನ್ನೂ ಸಿಕ್ಕಿಲ್ಲವೋ ಅದು ಇಂಗ್ಲಿಷಿನಲ್ಲಿಯೇ ಉಳಿಯುತ್ತದೆ. ಕನ್ನಡವನ್ನು ಚೆನ್ನಾಗಿ ಬಲ್ಲ ತಮ್ಮಂಥವರು ಅಲ್ಲಿ ಕೈಜೋಡಿಸಿದರೆ ನಾಡಿನ ಎಷ್ಟೋ ವಾಚನಾಲಯಗಳಿಗೆ ಉಪಕಾರವಾದೀತು.

ಪುಸ್ತಕದ ಹೆಸರುಗಳನ್ನು ಕನ್ನಡದಲ್ಲಿ ತುಂಬಿಸಲು ಯಾವ ಅಡ್ಡಿಯೂ ಇಲ್ಲ, ಡೇಟಾಬೇಸ್ ಅವನ್ನು ಇದ್ದಂತೆಯೇ ಕಾಪಾಡುತ್ತದೆ. ಎಚ್ಚರ ಬೇಕಾದದ್ದು ಆ ಹೆಸರಿನಿಂದಲೇ ಪುಟದ ವಿಳಾಸ ಮಾಡಲು ಹೋದಾಗ. ಅದಕ್ಕೆಂದು ಜ್ಯಾಂಗೊ ಕೊಡುವ ‘ಸ್ಲಗಿಫೈ’ ಎಂಬ ಫಂಕ್ಷನ್ ಸಾಮಾನ್ಯವಾಗಿ ಕನ್ನಡ ಅಕ್ಷರಗಳನ್ನೆಲ್ಲ ಕಿತ್ತುಹಾಕಿ ಖಾಲಿ ಉತ್ತರ ಕೊಡುತ್ತದೆ. ಯೂನಿಕೋಡಿಗೆ ಅವಕಾಶ ಕೊಡು ಎಂದು ಹೇಳಿದರೂ ಗುಣಿತದ ಚಿಹ್ನೆಗಳನ್ನೂ ಒತ್ತಕ್ಷರ ಮಾಡುವ ವಿರಾಮವನ್ನೂ ಅದು ಅಕ್ಷರವೆಂದು ಪರಿಗಣಿಸದೆ ಬಿಟ್ಟುಬಿಡುವುದರಿಂದ, ‘ಕನ್ನಡ’ ಎಂಬುದು ‘ಕನನಡ’ ಆಗುತ್ತದೆ. ಆದ್ದರಿಂದ ಪ್ರತಿ ಪುಸ್ತಕಕ್ಕೂ ಜ್ಯಾಂಗೊ ತಾನಾಗಿ ಕೊಡುವ ಕ್ರಮಸಂಖ್ಯೆಯನ್ನೇ ವಿಳಾಸದಲ್ಲಿ ಬಳಸಿ, ಕನ್ನಡದ ಹೆಸರನ್ನು ಪುಟದ ಶೀರ್ಷಿಕೆಯಲ್ಲಿ ತೋರಿಸಿ.